ಬಣ್ಣದ ಹಲ್ಲಿ, ಬಣ್ಣದ ಹತ್ತಿ

ಗೋಡೆಯ ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎನ್ನುವುದು, ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವುದು ನಮ್ಮ ಮನೆಗಳ ಹಳೆಯ ರೂಢಿ. ಅದೇ ಹಲ್ಲಿಯ ದೂರದ ಬಂಧುವೊಂದು ಇಂದು ಜಗತ್ತಿನ ಅನೇಕ ನಗರಗಳಲ್ಲಿ ಗಾಜಿನ ಪೆಟ್ಟಿಗೆಯ ಮುದ್ದಿನ ಜೀವಿಯಾಗಿದೆ. ಅದರ ಹೆಸರು ಲೆಪರ್ಡ್ ಗೆಕ್ಕೊ. ಅಫ್ಘಾನಿಸ್ತಾನ, ಪಾಕಿಸ್ತಾನಗಳ ಕಲ್ಲುನೆಲದ ಈ ನಿಶಾಚರಿಗೆ ಹಳದಿ ಮೈ, ಕಪ್ಪು ಚುಕ್ಕೆ. ಮನೆಯ ಹಲ್ಲಿಗಿಲ್ಲದ ಕಣ್ಣರೆಪ್ಪೆ ಇದಕ್ಕುಂಟು; ಆದರೆ ಗೋಡೆ ಏರುವ ಅಂಟುಪಾದವಿಲ್ಲ.

ಕೆಲವೇ ದಶಕಗಳಲ್ಲಿ ಹವ್ಯಾಸಿಗಳು ಇದರಿಂದ ಬಿಳಿ, ಕಿತ್ತಳೆ, ಚುಕ್ಕೆರಹಿತ, ಪಟ್ಟೆಯುಳ್ಳ ಹತ್ತಾರು ಬಗೆಗಳನ್ನು ರೂಪಿಸಿದ್ದಾರೆ. ಇದರ ಹಿಂದಿರುವುದು ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮವೇ. ತಂದೆ ತಾಯಿ ಇಬ್ಬರಲ್ಲೂ ಆಲ್ಬಿನೋ ಗುಣ ಅಡಗಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದರಲ್ಲಿ ಅದು ಪ್ರಕಟವಾಗುತ್ತದೆ. ಗುಣವನ್ನು ಬೇಗ ಸ್ಥಿರಗೊಳಿಸುವ ಆತುರದಲ್ಲಿ ಹತ್ತಿರದ ರಕ್ತಸಂಬಂಧಿಗಳನ್ನೇ ಕೂಡಿಸಿದರೆ, ಬಣ್ಣದ ಜೊತೆಗೆ ಅಡಗಿದ್ದ ದೋಷಗಳೂ ಮೇಲೆ ಬರುತ್ತವೆ.

‘ಲೆಮನ್ ಫ್ರಾಸ್ಟ್’ ಎಂಬ ಬಗೆಯ ಕಥೆ ಇನ್ನೂ ಕಳವಳಕಾರಿ. ಅಮೆರಿಕದ ತಳಿಗಾರರೊಬ್ಬರಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡ ಈ ಹಲ್ಲಿಗೆ ಬೆಳಗುವ ನಿಂಬೆ ಹಳದಿ, ಹಿಮದಂಥ ಬಿಳುಪು. ಕೆಲಕಾಲದಲ್ಲೇ ಅದರ ಸಂತತಿಯ ಚರ್ಮದಲ್ಲಿ ಬಿಳಿಯ ಗಂಟುಗಳು ಎದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣವನ್ನು ತೋರಿಸಿತು: ‘ಸ್ಪಿಂಟ್-1’ ಎಂಬ ಜೀನ್ ಇರುವ ಭಾಗದಲ್ಲಿನ ವ್ಯತ್ಯಾಸವೇ ಬಿಳುಪು ಕೊಡುವ ವರ್ಣಕೋಶಗಳನ್ನು ಅತಿಯಾಗಿ ಬೆಳೆಸುತ್ತದೆ, ಆ ಬೆಳವಣಿಗೆಯೇ ಶೇ 80ಕ್ಕೂ ಹೆಚ್ಚು ಹಲ್ಲಿಗಳಲ್ಲಿ ಗಡ್ಡೆಯಾಗುತ್ತದೆ. ಅಂದರೆ ಇಲ್ಲಿ ಅಂದವೂ ರೋಗವೂ ಬೇರೆಯಲ್ಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೊಲಗಿಸುವ ದಾರಿ ತಳಿಗಾರನಿಗಿಲ್ಲ.

ಹಾಗಾದರೆ ಬಣ್ಣಕ್ಕಾಗಿ ತಳಿ ಆರಿಸುವುದೇ ತಪ್ಪೇ? ಧಾರವಾಡದವರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 1972ರಲ್ಲಿ ಡಾ. ಬಿ.ಎಚ್. ಕಟರಕಿಯವರ ಶ್ರಮದಿಂದ ‘ವರಲಕ್ಷ್ಮಿ’ ಸಂಕರಣ ಹತ್ತಿಯನ್ನು ನೀಡಿದ ನೆಲವಿದು. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಿಡದಲ್ಲೇ ಕಂದು ಬಣ್ಣ ತಳೆದು ಅರಳುವ ಹತ್ತಿಯ ತಳಿಗಳನ್ನೂ ರೂಪಿಸಿದ್ದಾರೆ. ಇಂಥ ಅರಳೆಗೆ ರಾಸಾಯನಿಕ ಬಣ್ಣ ಹಾಕುವ ಅಗತ್ಯವಿಲ್ಲ. ಆದರೆ ಬಣ್ಣದ ಹತ್ತಿಯ ಎಳೆ ಸಾಮಾನ್ಯವಾಗಿ ಗಿಡ್ಡ, ಬಲ ಕಡಿಮೆ, ಇಳುವರಿಯೂ ಕಡಿಮೆ. ಆದ್ದರಿಂದಲೇ ವಿಜ್ಞಾನಿ ಬಣ್ಣ ಕಂಡೊಡನೆ ಬೀಜ ಹಂಚುವುದಿಲ್ಲ. ಎಳೆಯ ಉದ್ದ, ಗಟ್ಟಿತನ, ರೋಗನಿರೋಧಕ ಗುಣ ಎಲ್ಲವನ್ನೂ ತೂಗಿ, ವರ್ಷಗಟ್ಟಲೆ ಸಂಕರಿಸಿ, ಹೊಲದಲ್ಲಿ ಪರೀಕ್ಷಿಸುತ್ತಾನೆ. ಮುದ್ದುಜೀವಿಗಳ ಮಾರುಕಟ್ಟೆಯಲ್ಲಿ ಕಾಣದಿರುವುದು ಈ ತಾಳ್ಮೆಯೇ. ಅದೂ ನೋವು ತಿಳಿಯದ ಗಿಡಕ್ಕೆ ತೋರುವ ಎಚ್ಚರವನ್ನು ನೋವು ತಿನ್ನುವ ಪ್ರಾಣಿಗೆ ತೋರುವುದಿಲ್ಲವೆಂಬುದು ವಿಪರ್ಯಾಸ.

ಕಾನೂನೂ ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳಂತೆ, ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ನೋಂದಾಯಿಸಬೇಕು. ಅದು ಅಳಿವಿನ ಭಯಕ್ಕೆ ಮದ್ದು, ತಳಿದೋಷಕ್ಕಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಹೆಸರಿಸಿದ್ದು ನಾಯಿ, ಬೆಕ್ಕು, ಮೊಲ, ಇಲಿಜಾತಿ, ಪಂಜರದ ಹಕ್ಕಿಗಳನ್ನು, ಸರೀಸೃಪಗಳನ್ನಲ್ಲ.

ಅವಳಿ ನಗರದ ಮನೆಗಳಲ್ಲಿ ಗೆಕ್ಕೊ ಅಪರೂಪವಿರಬಹುದು. ಆದರೆ ಉಸಿರಿಗಾಗಿ ಏದುಸಿರು ಬಿಡುವ ಚಪ್ಪಟೆ ಮೂತಿಯ ಪಗ್ ಅಪರೂಪವಲ್ಲ. ಅದೂ ನೋಟಕ್ಕಾಗಿಯೇ ತಿದ್ದಿದ ತಳಿ. ತಳಿಗಾರ ಬೆಳೆಸುವುದು ಕೊಳ್ಳುವವನ ಬೇಡಿಕೆಯನ್ನು. ಮರಿಯ ಬಣ್ಣ, ಬೆಲೆ ಕೇಳುವ ಮುನ್ನ ಅದರ ತಂದೆ ತಾಯಿಯ ಆರೋಗ್ಯವನ್ನು ಕೇಳುವ ಗ್ರಾಹಕ ಹುಟ್ಟಿಕೊಂಡರೆ, ಕಾನೂನು ತಲುಪದ ಕಡೆಯೂ ಸುಧಾರಣೆ ತಲುಪೀತು. ಬೀಜ ಕೊಳ್ಳುವಾಗ ನಮ್ಮ ರೈತ ಕೇಳುವಷ್ಟು ಪ್ರಶ್ನೆಗಳನ್ನಾದರೂ ಪ್ರಾಣಿ ಕೊಳ್ಳುವಾಗ ನಾವು ಕೇಳಬೇಡವೇ?