ವಿಡಿಯೋಗೆ ಹಿನ್ನೆಲೆ ಸಂಗೀತ: ಯಾವುದು ಉಚಿತ, ಯಾವುದು ಅಲ್ಲ?

ನೀವು ಬೀದರ್ ಜಿಲ್ಲೆಯ ಬಸವಕಲ್ಯಾಣದ ಬಳಿಯ ಗೋರ್ಟಾ (ಬಿ) ಗ್ರಾಮದಲ್ಲಿ ಶಿಕ್ಷಕರು ಎಂದುಕೊಳ್ಳಿ. ಸೆಪ್ಟೆಂಬರ್ 17 ಹತ್ತಿರ ಬಂದಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ದಿನವದು. ಅದೇ ವರ್ಷದ ಮೇ ತಿಂಗಳಲ್ಲಿ ಈ ಊರಿನ ಮೇಲೆ ರಜಾಕಾರರು ದಾಳಿ ಮಾಡಿದರು. ಇನ್ನೂರಕ್ಕೂ ಹೆಚ್ಚು ಜನ ಹತರಾದರೆಂದು ಊರಿನವರು ನೆನೆಯುತ್ತಾರೆ. ಅವರ ಸ್ಮಾರಕ 2023ರ ಮಾರ್ಚ್‌ನಲ್ಲಿ ಇಲ್ಲಿ ಉದ್ಘಾಟನೆಯಾಯಿತು. ಅಂದು ಏಳೆಂಟು ವರ್ಷದ ಹುಡುಗನಾಗಿದ್ದ ಮುತ್ಯಾ ಒಬ್ಬರ ಮಾತುಗಳನ್ನು ನಿಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಬಂದಿದ್ದಾರೆ. ಆರು ನಿಮಿಷದ ವಿಡಿಯೋ ಸಿದ್ಧವಾಗಿದೆ.

"ಸರ್, ಬರೇ ಮಾತು ಇದ್ದರ ಸಪ್ಪಗ ಅನಸ್ತದ. ಹಿಂದ ಸ್ವಲ್ಪ ಮ್ಯೂಸಿಕ್ ಹಾಕೋಣ್ರಿ" ಎನ್ನುತ್ತಾನೆ ಒಬ್ಬ ವಿದ್ಯಾರ್ಥಿ. ಅವನ ಮೊಬೈಲಿನಲ್ಲಿಯೇ ಒಂದು ಚಲನಚಿತ್ರದ ಶೋಕರಾಗ ಇದೆ. ಅದನ್ನು ಸೇರಿಸಿ ಅಂತರಜಾಲಕ್ಕೆ ಏರಿಸುತ್ತೀರಿ. ಸ್ವಲ್ಪ ಹೊತ್ತಿನಲ್ಲೇ ಒಂದು ಸೂಚನೆ ಬರುತ್ತದೆ: ನಿಮ್ಮ ವಿಡಿಯೋದಲ್ಲಿ ಬೇರೆಯವರ ಹಕ್ಕುಸ್ವಾಮ್ಯದ ಸಂಗೀತವಿದೆ. ಇದರ ಪರಿಣಾಮ ಏನೂ ಆಗಬಹುದು. ವಿಡಿಯೋ ಕಾಣದಂತೆ ತಡೆಯಾಗಬಹುದು. ಮುತ್ಯಾರ ನೆನಪಿನ ನಡುವೆ ಜಾಹೀರಾತು ಬಂದು, ಅದರ ಹಣ ಸಂಗೀತದ ಒಡೆಯರಿಗೆ ಹೋಗಬಹುದು. ಆ ಭಾಗದ ಧ್ವನಿಯನ್ನೇ ಅಡಗಿಸಬೇಕಾಗಿ ಬಂದರೆ ಸಂಗೀತದ ಜೊತೆಗೆ ಮಾತೂ ಹೋದೀತು.

ಹಾಗಾದರೆ ಯಾವ ಸಂಗೀತವನ್ನು ನಿರಾತಂಕವಾಗಿ ಬಳಸಬಹುದು?

ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ದಿನವೂ ಲಕ್ಷಾಂತರ ವಿಡಿಯೋಗಳು ಏರುವ ತಾಣದಲ್ಲಿ ನಿಮ್ಮ ಹಾಡನ್ನು ಯಾರೋ ಕುಳಿತು ಕೇಳುವುದಿಲ್ಲ. ಯೂಟ್ಯೂಬ್‌ನಲ್ಲಿ 2007ರಿಂದ 'ಕಂಟೆಂಟ್ ಐಡಿ' ಎಂಬ ವ್ಯವಸ್ಥೆ ಈ ಕೆಲಸ ಮಾಡುತ್ತಿದೆ. ಇಂಥ ಪತ್ತೆಯ ತತ್ತ್ವ ಬೆರಳಚ್ಚಿನ ತತ್ತ್ವವನ್ನು ಹೋಲುತ್ತದೆ. ಧ್ವನಿಯನ್ನು ಅತಿ ಸಣ್ಣ ಕಾಲಖಂಡಗಳಾಗಿ ಕತ್ತರಿಸಿ, ಪ್ರತಿ ಖಂಡದಲ್ಲಿ ಯಾವ ಆವೃತ್ತಿಗಳು, ಅಂದರೆ ಸೆಕೆಂಡಿಗೆ ಎಷ್ಟು ಕಂಪನಗಳು, ಪ್ರಬಲವಾಗಿವೆ ಎಂದು ಗಣಕ ಲೆಕ್ಕ ಹಾಕುತ್ತದೆ. ಎದ್ದು ಕಾಣುವ ಬಿಂದುಗಳನ್ನಷ್ಟೆ ಉಳಿಸಿಕೊಂಡರೆ ರಾತ್ರಿ ಆಕಾಶದ ನಕ್ಷತ್ರಗಳಂತೆ ಒಂದು ನಕ್ಷೆ ದೊರೆಯುತ್ತದೆ. ಈ ಬಿಂದುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಹಾಡನ್ನು ಗುರುತಿಸುವ ಒಂದು ವಿಧಾನವನ್ನು 'ಶಜಾಮ್' ಸಂಸ್ಥೆಯ ಅವೆರಿ ವಾಂಗ್ 2003ರಲ್ಲಿ ಪ್ರಕಟಿಸಿದರು. ಗದ್ದಲ ಬೆರೆತರೂ ಪ್ರಬಲ ಬಿಂದುಗಳಲ್ಲಿ ಹಲವು ಅಳಿಯದೆ ಉಳಿಯುತ್ತವೆ. ಆದ್ದರಿಂದಲೇ ಮಾತಿನ ಹಿಂದೆ ಮೆಲ್ಲಗೆ ನುಡಿಯುವ ಹಾಡೂ ಸಿಕ್ಕಿಬೀಳುತ್ತದೆ.

"ಹತ್ತು ಸೆಕೆಂಡು ಬಳಸಿದರೆ ತಪ್ಪಿಲ್ಲ", "ಕೃಪೆ ಎಂದು ಹಾಕಿದರೆ ಸಾಕು" ಎಂಬ ಮಾತುಗಳನ್ನು ನೀವು ಕೇಳಿರಬಹುದು. ಇಷ್ಟು ಸೆಕೆಂಡು ಉಚಿತ ಎಂಬ ನಿಯಮ ನಮ್ಮ ಕಾಯಿದೆಯಲ್ಲಿ ಇಲ್ಲ. ಹೆಸರು ಹೇಳುವುದು ಸೌಜನ್ಯ ಹೌದು, ಆದರೆ ಅದೇ ಅನುಮತಿಯಲ್ಲ.

ಇದು ಸಣ್ಣವರಿಗೆ ಮಾತ್ರ ಬರುವ ತೊಂದರೆಯೂ ಅಲ್ಲ. 2022ರಲ್ಲಿ ಒಂದು ರಾಷ್ಟ್ರೀಯ ಪಕ್ಷದ ಪಾದಯಾತ್ರೆಯ ವಿಡಿಯೋಗೆ 'ಕೆಜಿಎಫ್ ಚಾಪ್ಟರ್ 2' ಚಿತ್ರದ ಸಂಗೀತ ಬಳಸಲಾಗಿದೆ ಎಂದು ಹಕ್ಕು ಹೊಂದಿದ್ದ ಬೆಂಗಳೂರಿನ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಪಕ್ಷದ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ನವೆಂಬರ್‌ನಲ್ಲಿ ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತಾದರೂ, ಆ ಸಂಗೀತವಿದ್ದ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿತು.

ಒಂದು ಹಾಡು, ಮೂರು ಹಕ್ಕುಗಳು

ಕೇಳುವ ಕಿವಿಗೆ ಹಾಡು ಒಂದೇ. ಕಾಯಿದೆಯ ಕಣ್ಣಿಗೆ ಅದರಲ್ಲಿ ಮೂರು ಪದರಗಳಿವೆ: ಸಾಹಿತ್ಯ, ರಾಗಸಂಯೋಜನೆ ಮತ್ತು ಧ್ವನಿಮುದ್ರಣ. ಮೂರಕ್ಕೂ ಬೇರೆ ಬೇರೆ ಒಡೆಯರು ಇರಬಹುದು.

ಬಸವಕಲ್ಯಾಣದ ನೆಲದ್ದೇ ಉದಾಹರಣೆ ನೋಡೋಣ. ಬಸವಣ್ಣನವರ ವಚನ ಹನ್ನೆರಡನೆಯ ಶತಮಾನದ್ದು. ಅದರ ಮಾತುಗಳು ಎಲ್ಲರ ಸೊತ್ತು. ಆದರೆ ಅದಕ್ಕೆ ಕಳೆದ ಶತಮಾನದಲ್ಲಿ ಒಬ್ಬರು ಸ್ವರ ಸಂಯೋಜಿಸಿದ್ದರೆ ಆ ಸಂಯೋಜನೆಗೆ ಹಕ್ಕುಸ್ವಾಮ್ಯ ಇರುತ್ತದೆ. ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು 1992ರಲ್ಲಿ. ಅವರೇ ಸ್ವರ ಸಂಯೋಜಿಸಿದ ವಚನವಾದರೆ ಆ ಹಕ್ಕು 2052ರ ಕೊನೆಯವರೆಗೆ ಇರುತ್ತದೆ. ಅವರು ಹಾಡಿದ ಧ್ವನಿಮುದ್ರಿಕೆಯ ಹಕ್ಕು ಮತ್ತೂ ಬೇರೆ. "ವಚನ ಹಳೆಯದು, ಆದ್ದರಿಂದ ಈ ಮುದ್ರಿಕೆ ಉಚಿತ" ಎಂಬ ತರ್ಕ ಎಲ್ಲಿ ಎಡವುತ್ತದೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಅದೇ ವಚನವನ್ನು ನಿಮ್ಮ ವಿದ್ಯಾರ್ಥಿನಿ ತನ್ನದೇ ಧಾಟಿಯಲ್ಲಿ ಹಾಡಿ ನೀವೇ ಮುದ್ರಿಸಿಕೊಂಡರೆ, ಹೊರಗಿನವರ ಹಕ್ಕು ಯಾವ ಪದರದಲ್ಲೂ ಇರುವುದಿಲ್ಲ.

ಅರವತ್ತು ವರ್ಷಗಳ ಲೆಕ್ಕ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಕಾಲ, ಆಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮೇಲೆ 60 ವರ್ಷ. ಎರಡರಲ್ಲೂ ಎಣಿಕೆ ಮುಂದಿನ ಜನವರಿ 1ರಿಂದ ಶುರು. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರಲ್ಲಿ ಮುಗಿಯುವುದರಲ್ಲಿದ್ದಾಗ ಅದನ್ನು 60ಕ್ಕೆ ಏರಿಸಲಾಯಿತು.

ಲೆಕ್ಕ ಮಾಡಿ ನೋಡಿ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕವಿತೆಗಳ ಹಕ್ಕು 2054ರ ಡಿಸೆಂಬರ್ 31ರವರೆಗೆ. ಅವರ ಗೀತೆಯೊಂದರ ಧ್ವನಿಮುದ್ರಿಕೆ 1960ರಲ್ಲಿ ಹೊರಬಂದಿದೆ ಎಂದುಕೊಳ್ಳೋಣ. ಮುದ್ರಣದ ಹಕ್ಕು 2020ರ ಕೊನೆಗೆ ಮುಗಿಯಿತು, ಸಾಹಿತ್ಯದ ಹಕ್ಕು ಮುಗಿದಿಲ್ಲ. ಆದ್ದರಿಂದ ಅದನ್ನು ಹಾಗೆಯೇ ಬಳಸುವಂತಿಲ್ಲ. ಮೂರೂ ಪದರಗಳ ಅವಧಿ ಮುಗಿದಿದ್ದರೆ ಮಾತ್ರ ಹಾಡು ಬಿಡುಗಡೆಯಾದಂತೆ. 2026ರ ಜನವರಿ 1ರ ಲೆಕ್ಕಕ್ಕೆ, 1965ರ ಕೊನೆಯೊಳಗೆ ಪ್ರಕಟವಾದ ಮುದ್ರಣಗಳ ಹಕ್ಕು ನಮ್ಮ ದೇಶದಲ್ಲಿ ಮುಗಿದಿದೆ. ಬೇರೆ ದೇಶಗಳಲ್ಲಿ ಅವಧಿ ಬೇರೆ ಎಂಬುದನ್ನೂ ನೆನಪಿಡಿ.

ಶಾಲೆಗೆ ವಿನಾಯಿತಿ ಇಲ್ಲವೆ?

ಇದೆ. ಕಾಯಿದೆಯ 52ನೆಯ ಪರಿಚ್ಛೇದ ಪಾಠದ ಅಂಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಯನ್ನು ಬಳಸಲು ಅವಕಾಶ ಕೊಡುತ್ತದೆ. ಶಾಲೆಯ ಚಟುವಟಿಕೆಯಲ್ಲಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಿಸಿದವರ ಮುಂದೆ ಧ್ವನಿಮುದ್ರಿಕೆ ನುಡಿಸಬಹುದು. ವಾರ್ಷಿಕೋತ್ಸವದ ಹಾಡಿಗೆ ಈ ರಕ್ಷಣೆ ಇದೆ. ಆದರೆ ಅದೇ ವಿಡಿಯೋ ಅಂತರಜಾಲಕ್ಕೆ ಹೋದ ಕೂಡಲೇ ಪ್ರೇಕ್ಷಕರು ಇಡೀ ಜಗತ್ತು. ವಿನಾಯಿತಿಯ ಗೆರೆ ಅಲ್ಲಿಗೆ ಮುಗಿಯಿತು.

ಉಚಿತವಾಗಿ ಸಿಗುವುದು ಎಲ್ಲಿ?

ಎಲ್ಲಕ್ಕಿಂತ ಸುಲಭವಾದದ್ದು ಯೂಟ್ಯೂಬ್‌ನದೇ 'ಆಡಿಯೋ ಲೈಬ್ರರಿ'. 2013ರಲ್ಲಿ 150 ತುಣುಕುಗಳೊಂದಿಗೆ ಆರಂಭವಾದ ಈ ಭಂಡಾರ ಈಗ ಬಹಳ ಬೆಳೆದಿದೆ. 'ಯೂಟ್ಯೂಬ್ ಸ್ಟುಡಿಯೋ'ದೊಳಗೆ ಭಾವ, ಅವಧಿಗಳ ಪ್ರಕಾರ ಹುಡುಕಬಹುದು. ಕೆಲವು ತುಣುಕುಗಳಿಗೆ ಕರ್ತೃವಿನ ಹೆಸರು ಹಾಕುವುದು ಕಡ್ಡಾಯ, ಕೆಲವಕ್ಕೆ ಬೇಕಿಲ್ಲ. ಪ್ರತಿಯೊಂದರ ಪಕ್ಕದಲ್ಲಿಯೇ ಇದು ನಮೂದಾಗಿರುತ್ತದೆ.

ಇದಲ್ಲದೆ ಕೆವಿನ್ ಮ್ಯಾಕ್ಲಿಯೋಡ್ ಎಂಬ ಅಮೆರಿಕದ ಸಂಯೋಜಕರ 'ಇನ್‌ಕಾಂಪಿಟೆಕ್', 'ಫ್ರೀ ಮ್ಯೂಸಿಕ್ ಆರ್ಕೈವ್', 'ಪಿಕ್ಸಾಬೇ' ತಾಣಗಳಿವೆ. ಮಳೆ, ಗಾಳಿ, ಹಕ್ಕಿ, ಹೆಜ್ಜೆಗಳಂಥ ಸದ್ದುಗಳು ಬೇಕಾದರೆ ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದರಲ್ಲಿ 2005ರಲ್ಲಿ ಹುಟ್ಟಿದ 'ಫ್ರೀಸೌಂಡ್' ಇದೆ.

ಈ ತಾಣಗಳಲ್ಲಿ 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯ ಸಂಕೇತಗಳನ್ನು ಕಾಣುತ್ತೀರಿ. ಅವುಗಳ ಅರ್ಥ ಹೀಗಿದೆ:

ಬಿವೈ: ಕರ್ತೃವಿನ ಹೆಸರು ಹೇಳಿ ಬಳಸಿ.

ಎಸ್‌ಎ: ನಿಮ್ಮ ವಿಡಿಯೋವನ್ನೂ ಇದೇ ಪರವಾನಗಿಯಲ್ಲಿ ಬಿಡುಗಡೆ ಮಾಡಬೇಕು.

ಎನ್‌ಸಿ: ಹಣ ಗಳಿಸುವ ಉದ್ದೇಶಕ್ಕೆ ಸಲ್ಲದು. ನಿಮ್ಮ ವಾಹಿನಿಗೆ ಜಾಹೀರಾತಿನ ಆದಾಯವಿದ್ದರೆ ದೂರವಿರಿ.

ಎನ್‌ಡಿ: ಮಾರ್ಪಾಡು ಸಲ್ಲದು. ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನೂ ಈ ಪರವಾನಗಿ ಮಾರ್ಪಾಡು ಎಂದೇ ಎಣಿಸುತ್ತದೆ. ಹಾಗಾಗಿ ವಿಡಿಯೋಗೆ ಇದು ಬೇಡವೇ ಬೇಡ. ಬಹಳ ಜನ ಎಡವುವುದು ಇಲ್ಲಿಯೇ.

ಸಿಸಿ-ಜೀರೋ: ಕರ್ತೃ ತನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದಾರೆ. ಯಾವ ಷರತ್ತೂ ಇಲ್ಲ.

ಹಣ ಕೊಟ್ಟು ಪಡೆಯುವ ಭಂಡಾರಗಳೂ ಉಂಟು. ಅಲ್ಲಿ ಕಾಣುವ 'ರಾಯಲ್ಟಿ ಫ್ರೀ' ಎಂಬ ಮಾತಿಗೆ ಉಚಿತ ಎಂದರ್ಥವಲ್ಲ. ಒಮ್ಮೆ ಹಣ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಗೌರವಧನ ಕೊಡಬೇಕಿಲ್ಲ ಎಂದಷ್ಟೆ. ಮಾಸಿಕ ಚಂದಾ ಪದ್ಧತಿಯಾದರೆ, ಚಂದಾ ನಿಲ್ಲಿಸಿದ ಮೇಲೆ ಹಳೆಯ ವಿಡಿಯೋಗಳ ಗತಿ ಏನು ಎಂದು ಮೊದಲೇ ಓದಿಕೊಳ್ಳಿ. ವರ್ಷಕ್ಕೆ ಒಂದೆರಡು ವಿಡಿಯೋ ಮಾಡುವ ಶಾಲೆಗೆ ಚಂದಾ ಅಗತ್ಯ ಬೀಳುವುದು ಅಪರೂಪ.

ಊರಿನದೇ ನಾದ

ಗೋರ್ಟಾದ ಮುತ್ಯಾರ ಮಾತಿಗೆ ದೂರ ದೇಶದ ಪಿಯಾನೋ ಏಕೆ ಬೇಕು? ಊರಿನ ಭಜನಾ ಮಂಡಳಿಯ ಏಕತಾರಿ, ತಾಳ, ಆಯಿ ಹಾಡುವ ಬೀಸುವ ಪದ, ಮೊಹರಂನ ಹಲಗೆ, ಜೋಳದ ಹೊಲದ ಗಾಳಿ, ಇವೆಲ್ಲ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಪರಂಪರೆಯಿಂದ ಬಂದ ಪದಕ್ಕೆ ಗೊತ್ತಿರುವ ಕರ್ತೃವಿಲ್ಲ. ಮುದ್ರಿಸುವವರು ನೀವೇ. ಆದರೆ ಹಾಡಿದವರಿಗೂ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ಆದ್ದರಿಂದ ಹಾಡನ್ನು ಯಾವ ವಿಡಿಯೋಗೆ, ಎಲ್ಲಿ ಬಳಸುತ್ತೀರಿ ಎಂದು ತಿಳಿಸಿ, ಒಂದು ಹಾಳೆಯಲ್ಲಿ ಒಪ್ಪಿಗೆಯ ಸಹಿ ಪಡೆಯಿರಿ. ಸಾಧ್ಯವಾದರೆ ಸಂಭಾವನೆಯನ್ನೂ ಕೊಡಿ. ಅವರ ಹೆಸರು ವಿಡಿಯೋದಲ್ಲಿ ಬರಲಿ. ಹಾಡು ಯಾವುದೋ ಚಿತ್ರದ ಧಾಟಿಯಲ್ಲಿ ಇಲ್ಲವೆಂದು ಮಾತ್ರ ಖಾತ್ರಿ ಮಾಡಿಕೊಳ್ಳಿ. ಭಜನೆಗಳಲ್ಲಿ ಸಿನಿಮಾ ಧಾಟಿ ನುಸುಳುವುದು ಸಾಮಾನ್ಯ.

ಮುದ್ರಿಸುವಾಗ ಫ್ಯಾನು ನಿಲ್ಲಿಸಿ. ಮೊಬೈಲನ್ನು ಏರೋಪ್ಲೇನ್ ಸ್ಥಿತಿಯಲ್ಲಿಡಿ. ಬರಿಗೋಡೆಯ ಕೋಣೆಯಲ್ಲಿ ಮಾರ್ದನಿ ಹೆಚ್ಚು, ಕೌದಿ ಅಥವಾ ಕಂಬಳಿ ತೂಗುಹಾಕಿದರೆ ಅದು ತಗ್ಗುತ್ತದೆ.

ಮಾತು ಮುಂದೆ, ಸಂಗೀತ ಹಿಂದೆ

ಒಂದು ಸದ್ದು ಇನ್ನೊಂದನ್ನು ಮುಚ್ಚುವುದಕ್ಕೆ ಮರೆಮಾಚುವಿಕೆ ಎನ್ನಬಹುದು. ಆವೃತ್ತಿಗಳು ಹತ್ತಿರವಿದ್ದಷ್ಟೂ ಇದು ಹೆಚ್ಚು. ಮಾತನ್ನು ಅರ್ಥ ಮಾಡಿಕೊಳ್ಳಲು ಬೇಕಾದುದರ ಬಹುಪಾಲು ಸುಮಾರು 300ರಿಂದ 3,400 ಹರ್ಟ್ಸ್ ನಡುವೆ ಇರುತ್ತದೆ. ಹಳೆಯ ದೂರವಾಣಿ ಅಷ್ಟನ್ನೇ ಸಾಗಿಸುತ್ತಿತ್ತು. ಹಾಡಿನ ಸಾಹಿತ್ಯವೂ ಇದೇ ವ್ಯಾಪ್ತಿಯಲ್ಲಿ ಬಂದು ಮಾತಿನೊಡನೆ ಜಗಳಕ್ಕೆ ನಿಲ್ಲುತ್ತದೆ. ಆದ್ದರಿಂದ ಮಾತಿನ ಕೆಳಗೆ ಬರೀ ವಾದ್ಯಸಂಗೀತ ಇರಲಿ, ಹಾಡಿಗೆ ಮಾತಿಲ್ಲದ ಜಾಗ ಕೊಡಿ.

ಎಷ್ಟು ಮೆಲ್ಲಗೆ? ಮಾತಿಗಿಂತ 20 ಡೆಸಿಬೆಲ್ ಕಡಿಮೆ ಇದ್ದರೆ ಶ್ರವಣದೋಷವಿದ್ದವರಿಗೂ ಅನುಕೂಲ ಎಂದು ಅಂತರಜಾಲದ ಸುಗಮ್ಯತಾ ಮಾರ್ಗಸೂಚಿ ಹೇಳುತ್ತದೆ. 20 ಡೆಸಿಬೆಲ್ ಇಳಿಸುವುದೆಂದರೆ ಅಲೆಯ ಪಾರವನ್ನು ಹತ್ತನೆಯ ಒಂದಕ್ಕೆ, ತೀವ್ರತೆಯನ್ನು ನೂರನೆಯ ಒಂದಕ್ಕೆ ಇಳಿಸಿದಂತೆ. 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಸುಲಭವಾಗಿ ಮಾಡಬಹುದು. ಮಾತು ಬಂದಾಗ ಸಂಗೀತ ತಾನೇ ತಗ್ಗುವ 'ಆಟೋ ಡಕ್' ಸೌಲಭ್ಯವೂ ಅದರಲ್ಲಿದೆ. ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗ: ಒಂದೇ ಮಾತಿಗೆ ಸಂಗೀತವನ್ನು 5, 10, 20 ಡೆಸಿಬೆಲ್ ತಗ್ಗಿಸಿ ಮೂರು ಪ್ರತಿ ಮಾಡಿ. ತರಗತಿಯವರಿಗೆ ಕೇಳಿಸಿ, ಎಷ್ಟು ಪದ ಬರೆದುಕೊಳ್ಳಲು ಸಾಧ್ಯವಾಯಿತು ಎಂದು ಎಣಿಸಿ.

ಕೊನೆಯದಾಗಿ, ಆದರೆ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಮಾತು ಮತ್ತು ಸಂಗೀತ ಒಂದಾಗಿ ಬೆರೆತಾಗ ಎರಡು ಅಲೆಗಳು ಕೂಡಿ ಒಂದೇ ಅಲೆಯಾಗುತ್ತವೆ. ಆಮೇಲೆ ಅವನ್ನು ಪೂರ್ತಿ ಬಿಡಿಸುವುದು ಇಂದಿನ ತಂತ್ರಾಂಶಗಳಿಗೂ ಕಷ್ಟ. ಆದ್ದರಿಂದ ಸಂಗೀತ ಸೇರಿಸುವ ಮೊದಲೇ ಮುತ್ಯಾರ ಮೂಲ ಧ್ವನಿಯ ಕಡತವನ್ನು ಎರಡು ಕಡೆ ಉಳಿಸಿಡಿ. ಬಳಸಿದ ಸಂಗೀತದ ಹೆಸರು, ಕರ್ತೃ, ಪಡೆದ ತಾಣ, ದಿನಾಂಕ ಮತ್ತು ಪರವಾನಗಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಪ್ಪಾಗಿ ತಕರಾರು ಬಂದರೆ ಉತ್ತರ ಕೊಡಲು ಇದೇ ಆಧಾರ. ಸಂಗೀತ ತಪ್ಪಾಗಿದ್ದರೆ ತೆಗೆದು ಇನ್ನೊಂದನ್ನು ಹಾಕಬಹುದು. 1948ನ್ನು ಕಣ್ಣಾರೆ ಕಂಡವರ ಮಾತನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಲು ಅವಕಾಶ ಸಿಗದೆ ಹೋಗಬಹುದು.