99 ಸೆಕೆಂಡುಗಳ ಉಳಿತಾಯ

ನಮ್ಮ ಕಾಲೇಜಿನ ಕ್ರೀಡಾಕೂಟದಲ್ಲಿ 1500 ಮೀಟರ್ ಓಡಿ ಕೊನೆಯಿಂದ ಎರಡನೆಯವನಾಗಿ ಬಂದವನು ನಾನು. ಕೊನೆಯವನು ಅರ್ಧದಲ್ಲೇ ಕೂತುಬಿಟ್ಟಿದ್ದ ಅನ್ನೋದು ಬೇರೆ ಮಾತು. ಆದ್ದರಿಂದ ಇದನ್ನು ಓಟಗಾರನ ಲೇಖನವೆಂದು ವಾಚಕರು ತಿಳಿಯಬಾರದು. ಕಾಮರ್ಸ್ ಹುಡುಗನೊಬ್ಬ ಬರೆದ ಸೆಕೆಂಡುಗಳ ಜಮಾ-ಖರ್ಚು ಅಂದುಕೊಳ್ಳಿ.

ಜಿಮ್ ರಯನ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಚಿಕ್ಕಂದಿನಲ್ಲಿ ಆಟದ ತಂಡಗಳಿಗೆ ಆಯ್ಕೆಯಾಗದೆ ವಾಪಸು ಬಂದ ಬಡಕಲು ಹುಡುಗ. ಹೈಸ್ಕೂಲಿನಲ್ಲಿ ಬಾಬ್ ಟಿಮ್ಮನ್ಸ್ ಎಂಬ ಕೋಚ್ ಕೈಗೆ ಸಿಕ್ಕ. ಅಲ್ಲಿ ಮೊದಲ ಸಲ ಒಂದು ಮೈಲಿ ಓಡಿದಾಗ ಹಿಡಿದದ್ದು 5 ನಿಮಿಷ 38 ಸೆಕೆಂಡು. 1964ರ ಜೂನ್‌ನಲ್ಲಿ, ಹದಿನೇಳರ ವಯಸ್ಸಿಗೆ, 3 ನಿಮಿಷ 59! ಕಳೆದು ನೋಡಿ, 99 ಸೆಕೆಂಡು ಉಳಿತಾಯ. ಹೈಸ್ಕೂಲ್ ಹುಡುಗನೊಬ್ಬ 4 ನಿಮಿಷದೊಳಗೆ ಮೈಲಿ ಓಡಿದ್ದು ಅದೇ ಮೊದಲು. ತಮಾಷೆ ಏನಂದ್ರೆ, ಆ ಓಟದಲ್ಲಿ ಅವನು ಬಂದದ್ದು ಎಂಟನೆಯವನಾಗಿ.

ಮೈಲಿ ಅಂದರೆ 440 ಗಜದ ನಾಲ್ಕು ಸುತ್ತು. ಪ್ರತಿ ಸುತ್ತಿಗೂ 60 ಸೆಕೆಂಡು ಮೀರುವಂತಿಲ್ಲ. ಒಂದು ಸುತ್ತನ್ನು ಹಾಗೆ ಓಡೋರು ನಮ್ಮಲ್ಲೂ ಸಿಗುತ್ತಾರೆ. ಕಷ್ಟ ಇರೋದು ಮೂರನೇ ಸುತ್ತಿನಲ್ಲಿ. ಕಾಲುಗಳು ಕೇಳುವಷ್ಟು ಪ್ರಾಣವಾಯುವನ್ನು ಉಸಿರು ಒದಗಿಸಲಾರದು. ದೇಹ ಸಾಲ ಎತ್ತಿ ಓಡತೊಡಗುತ್ತದೆ. ಶರೀರಶಾಸ್ತ್ರದವರು ಇದಕ್ಕೆ 'ಆಮ್ಲಜನಕದ ಸಾಲ' ಅಂತಲೇ ಹೆಸರಿಟ್ಟಿದ್ದರು, ನಮ್ಮನ್ನು ಕೇಳಿಯೇ ಇಟ್ಟ ಹಾಗೆ! ಆ ಸಾಲದ ಗಳಿಗೆಯನ್ನು ಮುಂದಕ್ಕೆ ತಳ್ಳುವುದೇ ತರಬೇತಿ. ಒಂದು ಸುತ್ತು ಓಡು, ಸ್ವಲ್ಪ ಸುಧಾರಿಸಿಕೋ, ಮತ್ತೆ ಓಡು. ಟಿಮ್ಮನ್ಸ್ ಹೀಗೆ ಒಂದೇ ದಿನ ನಲವತ್ತು ಸುತ್ತು ಓಡಿಸಿದ್ದುಂಟು. ಓದುವಾಗಲೇ ನನಗೆ ಏದುಸಿರು.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರಯನ್ ಸೆಮಿಫೈನಲ್ ದಾಟಲಿಲ್ಲ. ಆದರೆ ಅಲ್ಲಿ ಎರಡು ಚಿನ್ನ ಗೆದ್ದಿದ್ದ ನ್ಯೂಜಿಲೆಂಡಿನ ಪೀಟರ್ ಸ್ನೆಲ್‌ನನ್ನು ಮರುವರ್ಷವೇ ಸೋಲಿಸಿದ, 3:55.3ರಲ್ಲಿ. ಆ ಹೈಸ್ಕೂಲ್ ದಾಖಲೆ 2001ರವರೆಗೆ ಅಲ್ಲಾಡಲಿಲ್ಲ. 1966ರಲ್ಲಿ ಬರ್ಕ್ಲಿಯಲ್ಲಿ 3:51.3, ವಿಶ್ವದಾಖಲೆ. ವಯಸ್ಸು ಹತ್ತೊಂಬತ್ತು, ಅಂದರೆ ನನಗಿಂತ ಒಂದು ವರ್ಷ ಚಿಕ್ಕವನು. 1967ರಲ್ಲಿ ಅದನ್ನೂ 3:51.1ಕ್ಕೆ ಇಳಿಸಿದ; 1500 ಮೀಟರನ್ನು 3:33.1ರಲ್ಲಿ ಓಡಿದ.

ಇನ್ನು 1968ರ ಮೆಕ್ಸಿಕೋ. ಊರು ಸಮುದ್ರಮಟ್ಟದಿಂದ 2240 ಮೀಟರ್ ಮೇಲೆ, ಗಾಳಿ ತೆಳು. ಕೀನ್ಯಾದ ಕಿಪ್ ಕೀನೋ ಎತ್ತರದ ನಾಡಿನಲ್ಲೇ ಬೆಳೆದವನು. ರಯನ್ ಬಯಲುಸೀಮೆಯವನು, ಸಾಲದ್ದಕ್ಕೆ ಆ ವರ್ಷ ಜ್ವರದ ಕಾಯಿಲೆ ಬಿದ್ದು ಎದ್ದಿದ್ದ. ಅಂಥಾ ಗಾಳಿಯಲ್ಲಿ 3 ನಿಮಿಷ 39 ಸೆಕೆಂಡು ಓಡಿದರೆ ಚಿನ್ನ ಸಿಕ್ಕೇ ಸಿಗುತ್ತದೆ ಅಂತ ಅವನ ಅಂದಾಜು. ಕೀನೋನ ಜೊತೆಗಾರ ಬೆನ್ ಜಿಪ್ಚೋ ಮೊದಲ ಸುತ್ತನ್ನೇ ಬಿರುಸಾಗಿ ಎಳೆದ. ಹಿಂದುಳಿದ ರಯನ್ ಕೊನೆಗೆ ಒಬ್ಬೊಬ್ಬರನ್ನೇ ದಾಟಿ ಬಂದರೂ ಕೀನೋ ಕೈಗೆ ಸಿಗಲಿಲ್ಲ. ಕೀನೋ 3:34.9, ರಯನ್ 3:37.8. ತಾನು ಹಾಕಿದ್ದ ಲೆಕ್ಕಕ್ಕಿಂತ ಒಂದು ಸೆಕೆಂಡಿಗೂ ಹೆಚ್ಚು ಬೇಗ ಓಡಿ ಬೆಳ್ಳಿ ತಂದ! ಅವನ ದೇಶದಲ್ಲೇ ಹಲವರು ಇದನ್ನು ಸೋಲು ಅಂದರಂತೆ. ನನಗಂತೂ ಒಪ್ಪಿಗೆಯಿಲ್ಲ. ಯಾವ ಆಡಿಟರ್ ಒಪ್ತಾನೆ ಹೇಳಿ?

1972ರಲ್ಲಿ ಮ್ಯೂನಿಕ್‌ನ ಪ್ರಾಥಮಿಕ ಸುತ್ತಿನಲ್ಲಿ ಗುಂಪಿನ ಕಾಲಿಗೆ ಸಿಕ್ಕಿ ಬಿದ್ದ. ಉಳಿದವರು ಬಹಳ ಮುಂದೆ ಹೋಗಿಬಿಟ್ಟಿದ್ದರು. ಎದ್ದ, ಓಡಿ ಮುಗಿಸಿದ.