ಚಸ್ಮಾ ಹಾಕಿದರೆ ಕಣ್ಣು ಕೆಡುವುದಿಲ್ಲ

"ಇಷ್ಟು ಸಣ್ಣ ಹುಡುಗಗ ಚಸ್ಮಾ ಯಾಕ್ರಿ? ಒಮ್ಮೆ ಹಾಕಿದರ ನಂಬರ್ ಏರಕೋತ ಹೋಗತದ." ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಸಾಲಿಯಲ್ಲಿ ಕಣ್ಣು ತಪಾಸಣೆ ನಡೆದಾಗೆಲ್ಲ ಕೇಳುವ ಮಾತಿದು. ಮಗುವಿನ ಮೇಲಿನ ಅಕ್ಕರೆಯಿಂದಲೇ ಬಂದ ಮಾತು. ಆದರೆ ತಪ್ಪು.

ಕಣ್ಣುಗುಡ್ಡೆ ಮಗುವಿನ ಜೊತೆ ತಾನೂ ಬೆಳೆಯುತ್ತದೆ. ಬೇಕಾದ್ದಕ್ಕಿಂತ ಉದ್ದ ಬೆಳೆದರೆ ದೂರದ್ದು ಮಸುಕಾಗುತ್ತದೆ, ನಂಬರ್ ಏರುತ್ತದೆ; ಇದೇ ಸಮೀಪದೃಷ್ಟಿ. ಹುಡುಗ ಎತ್ತರವಾದರೆ ಅಂಗಿ ಗಿಡ್ಡವಾಗುತ್ತದೆ; ಅಂಗಿ ಹಾಕಿದ್ದಕ್ಕೇ ಎತ್ತರವಾದ ಎಂದು ಯಾರೂ ಹೇಳುವುದಿಲ್ಲ. ಕಡಿಮೆ ನಂಬರಿನ ಚಸ್ಮಾ ಕೊಡಿಸಿದರೆ ಕಣ್ಣು ತಾನೇ ಸುಧಾರಿಸುತ್ತದೆ ಎನ್ನುವವರೂ ಇದ್ದಾರೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಹಾಗೆ ಕಡಿಮೆ ನಂಬರ್ ಕೊಟ್ಟ ಮಕ್ಕಳ ಸಮೀಪದೃಷ್ಟಿಯೇ ಹೆಚ್ಚು ಬೇಗ ಏರಿತ್ತು.

ಇದಕ್ಕಿಂತ ಹಾನಿ ಮಾಡುವ ನಂಬಿಕೆ ಇನ್ನೊಂದು: "ಕಾಣದಿದ್ದರ ಅವನೇ ಹೇಳತಾನ." ಹೇಳುವುದಿಲ್ಲ. ಹುಟ್ಟಿದಾಗಿನಿಂದ ಮಸುಕನ್ನೇ ಕಂಡ ಮಗುವಿಗೆ ಲೋಕ ಇರುವುದೇ ಹಾಗೆ. ಒಂದೇ ಕಣ್ಣು ಮಂದವಾಗಿದ್ದರಂತೂ ಚೆನ್ನಾಗಿರುವ ಕಣ್ಣಿನಿಂದ ಓದುತ್ತದೆ, ಆಡುತ್ತದೆ, ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಅತ್ತ ಮೆದುಳು ಮಂದ ಕಣ್ಣಿನ ಚಿತ್ರವನ್ನು ಕೈಬಿಡುತ್ತಾ ಹೋಗುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎಂಬ ಹೆಸರಿದೆ, ಸೋಮಾರಿತನ ಮಗುವಿನದಲ್ಲ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಸುಮ್ಮನಿರುವ ಮನೆಗಳಲ್ಲೂ ಆಗುವುದು ಇದೇ. ಏಳೆಂಟು ವರ್ಷದೊಳಗೆ ಗೊತ್ತಾದರೆ ಚಸ್ಮಾ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಾ ಕೆಲ ಹೊತ್ತು ಪಟ್ಟಿ ಕಟ್ಟಿ ಮಂದ ಕಣ್ಣಿಗೆ ಕೆಲಸ ಕಲಿಸಬಹುದು. ವರ್ಷ ಕಳೆದಂತೆ ಫಲ ಕಡಿಮೆ. "ದೊಡ್ಡಾಂವ ಆದ ಮ್ಯಾಲೆ ತೋರಿಸೋಣ" ಎನ್ನುವ ಮಾತಿಗೆ ನಾನು ಹೆದರುವುದು ಅದಕ್ಕೇ.

ವಾಡಿ, ಶಹಾಬಾದಿನಲ್ಲಿ ಸಿಮೆಂಟು, ಕಲ್ಲಿನ ಧೂಳಿನಿಂದ ಚಸ್ಮಾ ಬಂತು ಎನ್ನುತ್ತಾರೆ. ಧೂಳು ಕಣ್ಣನ್ನು ಕೆಂಪಾಗಿಸುತ್ತದೆ, ಉರಿಸುತ್ತದೆ, ಸಮೀಪದೃಷ್ಟಿ ತರುವುದಿಲ್ಲ. ಸದಾ ಉಜ್ಜುವ ಅಭ್ಯಾಸ ಮಾತ್ರ ಕೆಟ್ಟದ್ದು. ನಿಜವಾದ ಅಪಾಯ ತಂಬಾಕಿನ ಸುಣ್ಣದ ಪೊಟ್ಟಣ. ಮಕ್ಕಳು ಅದನ್ನು ಹಿಸುಕಿ ಕಣ್ಣಿಗೆ ಸಿಡಿಸಿಕೊಂಡರೆ ಕಪ್ಪುಗುಡ್ಡೆ ಸುಡುತ್ತದೆ. ಹಾಲು, ಎಣ್ಣೆ ಬೇಡ. ಕೂಡಲೇ ನೀರು ಸುರಿಯುತ್ತಾ ಅರ್ಧ ಗಂಟೆ ತೊಳೆದು ಆಸ್ಪತ್ರೆಗೆ ಓಡಿ.

ಗಜ್ಜರಿ ತಿಂದರೆ ಚಸ್ಮಾ ಹೋಗುವುದಿಲ್ಲ. ಎ ಜೀವಸತ್ವದ ಕೊರತೆ ಇರುಳುಗಣ್ಣು ತರುತ್ತದೆ, ಅದಕ್ಕೆ ಸೊಪ್ಪು ಬೇಕು. ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಇದ್ದರೆ ಒಳ್ಳೆಯದು. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಕೊಡುವ ಎ ಜೀವಸತ್ವದ 9 ಡೋಸು ತಪ್ಪಿಸಬೇಡಿ. ಆದರೆ ಇರುಳುಗಣ್ಣೆಲ್ಲ ಊಟದ ಕೊರತೆಯಲ್ಲ. ಸೋದರಮಾವನ ಜೊತೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ವಂಶದಿಂದ ಬರುವ ಕಣ್ಣಿನ ಕಾಯಿಲೆಯೂ ಇರಬಹುದು.

ತಂದೆತಾಯಿಗೆ ಸಮೀಪದೃಷ್ಟಿ ಇದ್ದರೆ, ಪುಸ್ತಕ, ಮೊಬೈಲಿಗೆ ಮುಖ ಅಂಟಿಸಿ ಕೂತರೆ ಮಗುವಿಗೂ ಅದು ಬರುವ ಸಂಭವ ಹೆಚ್ಚು. ಬಯಲು ಕಾಪಾಡುತ್ತದೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ಸಮೀಪದೃಷ್ಟಿ ಬಂದದ್ದು 30.4%, ಉಳಿದವರಲ್ಲಿ 39.5%. ನಮ್ಮ ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಬೇಕಿಲ್ಲ; ಬೇವಿನ ಮರದ ನೆರಳಲ್ಲೂ ತರಗತಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

ಬಸ್ ನಿಲ್ದಾಣದಲ್ಲಿ ನಿಂತಾಗ ಮಗುವಿನ ಒಂದೊಂದೇ ಕಣ್ಣು ಅಂಗೈಯಿಂದ ಮುಚ್ಚಿ, ದೂರದ ಬೋರ್ಡು ಓದಿಸಿ ನೋಡಿ. ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸಾಲಿಗೆ ಬಂದಾಗ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಆ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ.